ನನ್ನ ಬದಲಿಗೆ ಇಬ್ಬರು ಹುಡುಗಿಯರು

ಡಾಲಸ್ ಹತ್ತಿರ ನಾನು ನೋಡಿದ ಮೊದಲ ಬೇಸ್‌ಬಾಲ್ ಪಂದ್ಯದಲ್ಲಿ, ಆಟ ನಡೆಯುತ್ತಿರುವಾಗಲೇ ಒಬ್ಬ ಗಡ್ಡದ ಆಟಗಾರ ಜೊತೆಗಾರರನ್ನೆಲ್ಲ ತಬ್ಬಿಕೊಳ್ಳತೊಡಗಿದ. ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ.

"ಅವನ್ನ ಬ್ಯಾರೆ ಊರಿನ ಟೀಮಿಗೆ ಟ್ರೇಡ್ ಮಾಡ್ಯಾರ," ಅಂದರು ನಮ್ಮವರು.

ಜುಲೈ ಕೊನೆಗೆ ಇಲ್ಲಿ ಇದಕ್ಕೊಂದು ಗಡುವಿದೆ. ಪಳಗಿದ ಆಟಗಾರನನ್ನು ಕೊಟ್ಟು 'ಪ್ರಾಸ್ಪೆಕ್ಟ್' ತರುತ್ತಾರೆ. ಅಂದರೆ ಇನ್ನೂ ಏನೂ ಆಡಿರದ, ಮುಂದೆ ಆಡಿಯಾನು ಎಂದು ನಂಬಿದ ಹುಡುಗ. ಧಾರವಾಡದ ನಮ್ಮ ಓಣಿಯಲ್ಲಿ ಮೊಣಕಾಲು ಸೋತವರನ್ನು ಅಂಪೈರ್ ಮಾಡುತ್ತಿದ್ದರೇ ಹೊರತು ಹುಬ್ಬಳ್ಳಿಗೆ ಕೊಟ್ಟು ಬರುತ್ತಿರಲಿಲ್ಲ.

ಡಾಲಸ್ ಪಕ್ಕದ ಈ ಲೂಯಿಸ್‌ವಿಲ್‌ಗೆ ಬಂದ ಹೊಸತರಲ್ಲಿ ಮಾತಿಗೆ ಜನವಿಲ್ಲದೆ ಗೋಡೆ ನೋಡುತ್ತ ಕೂತಿರುತ್ತಿದ್ದೆ. ಕೊನೆಗೆ ಪಕ್ಕದೂರು ಫ್ಲವರ್ ಮೌಂಡಿನ ಪಾರ್ಕಿನಲ್ಲಿ ನೆಟ್ ಕಟ್ಟಿ, ಕನ್ನಡದ ಹೆಂಗಸರ ಥ್ರೋಬಾಲ್ ತಂಡ ಶುರುಮಾಡಿದೆ. ಆ ಭಾನುವಾರಗಳು ಇಲ್ಲದಿದ್ದರೆ ಈ ದೇಶದಲ್ಲಿ ನಿಲ್ಲುತ್ತಿರಲಿಲ್ಲ.

ಹೋದ ವರ್ಷ ಹ್ಯೂಸ್ಟನ್ ಟೂರ್ನಮೆಂಟಿಗೆ ಮುಂಚೆ ನಮ್ಮ ಕ್ಯಾಪ್ಟನ್ ಸಿಂಚನಾ ಮೆಲ್ಲಗೆ ಪಕ್ಕಕ್ಕೆ ಕರೆದಳು. ಬೆಂಗಳೂರಿನ ಹುಡುಗಿ, ಬೇಸ್‌ಬಾಲ್ ಹುಚ್ಚಿ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಟೇಲರ್ ಊರಿನ ಟೀಮ್‌ಗೆ ಎಕ್ಸ್‌ಪೀರಿಯೆನ್ಸ್ ಇರೋರು ಬೇಕಂತೆ. ನಿಮ್ಮನ್ನ ಕಳಿಸಿದ್ರೆ ಅವರಲ್ಲಿರೋ ಇಬ್ಬರು ಕಾಲೇಜ್ ಹುಡುಗೀರು ನಮಗೆ ಸಿಗ್ತಾರೆ."

ನಾನು ಕಟ್ಟಿದ ತಂಡ! ಮೈಯೆಲ್ಲ ಉರಿಯಿತು.

"ನಾ ಏನ್ ಸಂತಿ ಎಮ್ಮಿ ಏನವಾ, ಕೊಟ್ಟು ತರಾಕ?"

ಅಳಬಾರದೆಂದು ಹಲ್ಲು ಕಚ್ಚಿದೆ.

"ಹೋಗ್ತೀನಿ. ನೀ ಕಳಸ್ತಿ ಅಂತ ಅಲ್ಲ, ನಿಮ್ಮನ್ನ ಸೋಲಸಾಕ."

ಟೇಲರಿನವರು ಹೆಚ್ಚಾಗಿ ಆಸ್ಟಿನ್ ಕಡೆಯ ಚಿಪ್ ಕಾರ್ಖಾನೆಯ ಎಂಜಿನಿಯರುಗಳು. ನನಗೊಂದು ಹಳದಿ ಅಂಗಿ ಕೊಟ್ಟು, ಅಕ್ಕ ಅಂದರು. ಆಂಟಿ ಅನ್ನಲಿಲ್ಲ, ಅದೇ ದೊಡ್ಡದು.

ಹ್ಯೂಸ್ಟನ್ನಿನಲ್ಲಿ ಲೂಯಿಸ್‌ವಿಲ್ ತಂಡವೇ ಎದುರಾಯಿತು. ಎಡಮೂಲೆ ಸಿಂಚನಾಳ ಬಲಹೀನ ಜಾಗವೆಂದು ನನಗೆ ಗೊತ್ತು. ಅಲ್ಲಿಗೇ ಎಸೆದೆ. ನಾನು ಕಲಿಸಿದ ಹಾಗೇ ಬಗ್ಗಿ, ಹಿಡಿದುಬಿಟ್ಟಳು.

"ಭಲೇ ಹುಡುಗಿ!" ಅಂತ ಕೂಗಿದ್ದು ನಾನೇ. ಟೇಲರಿನವರು ನನ್ನನ್ನು ದುರುಗುಟ್ಟಿ ನೋಡಿದರು. ಮುಂದಿನ ಚೆಂಡನ್ನೂ ಅದೇ ಮೂಲೆಗೆ ಬಿಟ್ಟೆ, ಇನ್ನೂ ಜೋರಾಗಿ. ಚೆಂಡು ಅವಳ ಕೈ ಜಾರಿತು. ನಾವು ಗೆದ್ದೆವು.

ಆಟ ಮುಗಿದ ಮೇಲೆ ಸಿಂಚನಾ ಬಂದು ಕೈಹಿಡಿದಳು. "ವಾಪಸ್ ಬನ್ನಿ ಆಂಟಿ."

"ನನ್ನ ಬದ್ಲಿ ಯಾರನ್ನ ಕೊಡ್ತಿ?"

ಅವಳು ನನ್ನ ಚೀಲ ಎತ್ತಿಕೊಂಡು ನಡೆದಳು. ಅವಳ ಕಾರಿನಲ್ಲೇ ಮನೆಗೆ ಹೊರಟೆ. ಬೆವರಿನ ಆ ಹಳದಿ ಅಂಗಿಯನ್ನು ಬೇಕೆಂದೇ ಬದಲಿಸಲಿಲ್ಲ. ಆದರೆ ಲೂಯಿಸ್‌ವಿಲ್ ಬರುವವರೆಗೂ, ಎಡಮೂಲೆಯಲ್ಲಿ ಹೇಗೆ ನಿಲ್ಲಬೇಕೆಂದು ಅವಳಿಗೆ ಹೇಳುತ್ತಲೇ ಇದ್ದೆ.