ಮೂರು ಊರಿನ ಪಾಳಿ, ಒಂದೇ ಹೆಸರು

“ಮಮ್ಮಿ, ಭೀಮಸಿ ಕಾಕಾ ಯಾರಿಗೂ ಬೈಯಂಗಿಲ್ಲ, ಕಂಪ್ಯೂಟರಿಗೆ ಅಷ್ಟ ಯಾಕ ಬೈತಾರ?”

ಭಾನುವಾರ ನೋಡಿಕೊಳ್ಳುವವರಿಲ್ಲದೆ ಆಫೀಸಿಗೆ ಕರೆದೊಯ್ದಿದ್ದ ನನ್ನ ಮಗಳು ನೀಲಮ ಮನೆಗೆ ಬಂದು ಕೇಳಿದಳು. ಬೈಸಿಕೊಳ್ಳಬೇಕಾದವಳು ನಾನಾಗಿದ್ದೆ.

ಭೀಮಸಿ ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಚೀಟಿ ಬರೆಯುತ್ತಿದ್ದವರು. ಹದಿನಾಲ್ಕು ವರ್ಷದಿಂದ ಅದೇ ಕಾರ್ಖಾನೆಯ ಚಿಕ್ಕೋಡಿ ಆಫೀಸಿನ ಡೇಟಾಬೇಸ್ ಅವರ ಕೈಯಲ್ಲಿದೆ. ಅದರಿಂದ ಏನೇ ಎಕ್ಸ್‌ಪೋರ್ಟ್ ಮಾಡಿದರೂ ಫೈಲಿನ ಹೆಸರಿಗೆ ಒಂದೇ ಕ್ರಮ: ಮೊದಲು ಊರು, ಆಮೇಲೆ ಅದು ಟೇಬಲ್ ಎಂಬ ಪಟ್ಟಿಯೋ ಪ್ರೊಸೀಜರ್ ಎಂಬ ಆಜ್ಞೆಗಳ ಸರಣಿಯೋ, ಆಮೇಲೆ ಅದರ ಹೆಸರು, ಕೊನೆಗೆ ತಾರೀಖು. “ಫೈಲಿಗೂ ಕುಂಡಲಿ ಬರೀತೀರೇನ್ರಿ ಅಣ್ಣಾರ?” ಎಂದು ಅವರ ಕೈಕೆಳಗೆ ಕೆಲಸ ಮಾಡುವ ನಾನೇ ನಕ್ಕಿದ್ದೆ.

ಹೊಸ ಸರ್ವರ್ ಬರುತ್ತಿರುವುದರಿಂದ ಕಬ್ಬು ಕಡಿಯುವ ಪಾಳಿಯ ಪಟ್ಟಿ ತರಲು ನಿನ್ನೆ ನಾನು ರಾಯಬಾಗ, ಅಥಣಿ, ಕಾಗವಾಡದ ಶಾಖೆಗಳನ್ನು ತಿರುಗಿದೆ. ಒಂದೊಂದು ಆಫೀಸಿನಲ್ಲಿ ಇರುವುದು ಅದರದೇ ಒಂದು ಪಟ್ಟಿ. ಅಲ್ಲಿಯವರು ಅದನ್ನು ಬರೀ ‘ಪಾಳಿ’ ಎನ್ನುತ್ತಾರೆ. ನಾನೂ ಮೂರು ಕಡೆ ಅದೇ ಹೆಸರಿಟ್ಟು ಒಂದೇ ಪೆನ್‌ಡ್ರೈವಿಗೆ ಹಾಕಿದೆ. ಹಳೆಯದನ್ನು ಅಳಿಸಲೇ ಎಂದು ಯಂತ್ರ ಕೇಳಿದಾಗ, ಮಗಳ ಶಾಲೆ ಬಿಡುವ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಹೂಂ ಒತ್ತಿದೆ. ಎರಡು ಸಲ.

ಇಂದು ಆಫೀಸಿನಲ್ಲಿ ಪೆನ್‌ಡ್ರೈವ್ ತೆರೆದರೆ ಕೊನೆಗೆ ಹಾಕಿದ ಕಾಗವಾಡದ್ದೊಂದೇ ಇತ್ತು. ರಾಯಬಾಗದ ಯಂತ್ರಕ್ಕೆ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ. ಆದರೆ ಅಥಣಿಯ ಹಳೆ ಯಂತ್ರವನ್ನು ಅಳಿಸಿ ಖಾಲಿ ಮಾಡಲು ನಮ್ಮ ಆಫೀಸಿನ ಹುಡುಗ ನಿತಿನ ಬೆಳಿಗ್ಗೆಯೇ ಹೋಗಿದ್ದ. ಏಳುನೂರು ರೈತರ ಸರದಿ ಅದರಲ್ಲಿತ್ತು. ಯಾರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಮೊದಲು ಹೋಗಬೇಕೆಂಬುದಕ್ಕೆ ಬೇರೆ ದಾಖಲೆಯಿಲ್ಲ.

“ಹೂಂ ಅಂದ್ರ ಅಳಿಸೇ ಬಿಡೂದೇನಲೇ ಡಬ್ಬಿ?” ಅಣ್ಣ ನನ್ನತ್ತ ನೋಡದೆ ಕಂಪ್ಯೂಟರಿಗೆ ಬೈಯುತ್ತಲೇ ನಿತಿನನಿಗೆ ಫೋನ್ ಹಚ್ಚಿದರು. ಮೂರು ಸಲ ಎತ್ತಲಿಲ್ಲ. ನಾಲ್ಕನೆಯದಕ್ಕೆ ನಿತಿನನ ದನಿ ಬಂತು.

“ಹೇಳ್ರಿ ಅಣ್ಣಾರ, ಅಳಸಾಕ ಚಾಲೂ ಮಾಡಾಂವ ಇದ್ನಿ.”

“ಕೈ ತಗಿ. ಮುಟ್ಟಬ್ಯಾಡ.”

“ಯಾಕ್ರಿ, ಪೂಜಿ ಮಾಡೂದೈತೇನ್ರಿ?”

“ಮಾಡು. ನಾವ್ ಬರೂತನಕ ಮಾಡ್ತಿರು.”

ಮಗಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಅಥಣಿಗೆ ಹೋದೆವು. ಪಟ್ಟಿ ಪೂರ್ತಿ ಇತ್ತು. ಊರು, ಟೇಬಲ್, ಪಾಳಿ, ತಾರೀಖು ಎಂದು ಅಣ್ಣ ಹೇಳಿದ ಕ್ರಮದಲ್ಲೇ ಹೆಸರು ಟೈಪ್ ಮಾಡಿದೆ. ಬರುವಾಗ ರಾಯಬಾಗದ್ದನ್ನೂ ಹಾಗೇ ತಂದೆವು.

ಚಿಕ್ಕೋಡಿ ಆಫೀಸಿನ ಮುಂದೆ ಇಳಿಯುವಾಗ ಅಣ್ಣ ಪೆನ್‌ಡ್ರೈವ್ ನನ್ನ ಕೈಗೇ ಕೊಟ್ಟರು.

“ತಂಗೀ, ಒಂದ ಉಪಕಾರ ಮಾಡವಾ. ಅಥಣಿ ಪಟ್ಟಿಯೊಳಗ ನನ್ನ ಅಳಿಯಂದೂ ಹೊಲ ಐತಿ. ಹೊಸಾದ್ರಾಗ ಏರಿಸಿದ ಮ್ಯಾಲ ಸರದಿ ಸರಿ ಐತೇನಂತ ನೀನ ತಾಳೆ ಹಾಕಿ ನೋಡು. ನಾ ಅದನ್ನ ತಗದು ನೋಡಂಗಿಲ್ಲ, ಅಳಿಯನ ಸರದಿ ಮುಂದ ತಂದ ಅಂದಾರು.”