ಬೀಡಿ ಕಟ್ಟಿದ ಕೈ, ಹಿತ್ತಲಿನ ಹೊಗೆ

ನನ್ನ ಮಗಳಿಗೆ ಮಗಳು ಸಿಕ್ಕಿದಳು, ನಾನು ಅಜ್ಜಿಯಾದೆ. ಒಂದೂವರೆ ವರ್ಷದ ಮಗು, ಗುಂಗುರು ಕೂದಲು, ನಡೆಯುವುದೇ ಇಲ್ಲ, ಓಡುವುದೇ. ಮೊದಲು ಇದನ್ನು ಹೇಳಿಬಿಟ್ಟೆ, ಸಂತೋಷವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ನನ್ನಿಂದಾಗದು. ಆದರೆ ಈ ಮಗು ನನ್ನಿಂದಾಗಿಯೇ ನಮಗೆ ತಪ್ಪಿಹೋಗುವುದರಲ್ಲಿತ್ತು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಂಗಳೂರಿನ ಹತ್ತಿರ ನಲವತ್ತು ವರ್ಷ ಬೀಡಿ ಕಟ್ಟಿದೆ. ಮಗಳು, ಅಳಿಯ ಅಮೆರಿಕದ ಕೆಂಟ್‌ನಲ್ಲಿ ಮನೆ ಕೊಂಡಿದ್ದಾರೆ, ಈಗ ನಾನೂ ಅವರ ಜೊತೆ. ಅಳಿಯನಿಗೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹೆರುವ ಆಸೆ ಬಿಟ್ಟು ಮಗಳು ದತ್ತು ಮಗುವಿಗೆ ಅರ್ಜಿ ಹಾಕಿದ್ದಳು. ಮಕ್ಕಳ ಇಲಾಖೆಯವರು ಬಂದು ಮನೆ ನೋಡಿ, ಆಗಬಹುದು ಎಂದು ಬರೆದರೆ ಮಾತ್ರ ಮಗು.

ಇಲ್ಲಿ ಅಂಗಡಿಗಳಲ್ಲಿ ಕಾನೂನಿನ ಒಪ್ಪಿಗೆಯಿಂದಲೇ ಗಾಂಜಾ ಮಾರಲು ಶುರುಮಾಡಿದ ಮರುವರ್ಷ ಅದು. ಪಕ್ಕದ ಬಾಡಿಗೆ ಮನೆಯ ಮುದುಕನಿಗೆ ಕೈ ನಡುಕ, ಬೆನ್ನುನೋವು. ಸೇದಿದರೆ ನೋವು ತಗ್ಗುತ್ತದಂತೆ. ಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಸೇದಲು ಜಾಗವಿಲ್ಲ. ರಸ್ತೆಯಲ್ಲಿ ದಂಡ, ಪಾರ್ಕಿನಲ್ಲಿ ದಂಡ, ಕಾರಿನಲ್ಲೂ ಕೂಡದು. ಮನೆಯಲ್ಲಿ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಸೇದಬಹುದು. ಆದರೆ ಅವನ ಮಾಲೀಕ ಹೊಗೆ ಕೂಡದೆಂದಿದ್ದಾನೆ.

ಬೆಂಗಳೂರಿನವನಾದ ಅಳಿಯನೇ ಹೇಳಿದ, "ಪಾಪ, ನಮ್ಮ ಹಿತ್ತಲಲ್ಲಿ ಕೂತ್ಕೊಳ್ಳಲಿ ಅತ್ತೆ. ಮಗು ಬರೋವರೆಗೆ ತಾನೆ."

ಮುದುಕ ದಿನಾ ಮಧ್ಯಾಹ್ನ ಬಂದು ಬೇಲಿಯ ಮರೆಯ ಕುರ್ಚಿಯಲ್ಲಿ ಕೂರತೊಡಗಿದ. ಅವನು ಕಾಗದ ಸುತ್ತುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅರ್ಧ ಸೊಪ್ಪು ತೊಡೆಗೆ, ಅರ್ಧ ಹುಲ್ಲಿಗೆ. ಒಂದು ದಿನ ಅವನ ಕೈಯಿಂದ ತೆಗೆದುಕೊಂಡು ನಾನೇ ಸುತ್ತಿ, ಬೀಡಿಯ ಹಾಗೆ ತುದಿ ಮಡಚಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಅಂದಿನಿಂದ ಅದು ನನ್ನ ಕೆಲಸವಾಯಿತು.

ಮಗಳು ಮೊದಲೇ ಎಚ್ಚರಿಸಿದ್ದಳು. "ಗುರುವಾರ ಇದೆಲ್ಲ ಬೇಡ ಅಮ್ಮ. ನಾಲ್ಕು ಗಂಟೆಗೆ ಅವ್ರು ಬರ್ತಾರೆ."

"ನಾಲ್ಕು ಅಂದ್ರೆ ಐದಕ್ಕೆ ಬರುದು. ನಾನು ನೋಡದ ಇಲಾಖೆಯವರಾ?"

ಆ ಗುರುವಾರ ಮುದುಕನಿಗೆ ಬೆನ್ನು ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ನಾಲ್ಕೇ ನಾಲ್ಕು ಕಟ್ಟಿಕೊಟ್ಟು ಕಳಿಸೋಣ ಎಂದು ಸ್ಟೀಲ್ ಹರಿವಾಣವನ್ನು ಮಡಿಲಲ್ಲಿಟ್ಟು ಕೂತೆ. ಎರಡನೆಯದು ಕಟ್ಟುವಾಗ ಹಿತ್ತಲಿನ ಬಾಗಿಲು ತೆರೆಯಿತು. ಮಗಳು, ಅಳಿಯ, ಅವರ ನಡುವೆ ಕಡತ ಹಿಡಿದ ಹೆಂಗಸು. ಸರಿಯಾಗಿ ನಾಲ್ಕಕ್ಕೇ ಬಂದಿದ್ದರು.

ಅವರು ಹರಿವಾಣ ನೋಡಿದರು, ಹೊಗೆ ಬಿಡುತ್ತಿದ್ದ ಮುದುಕನನ್ನು ನೋಡಿದರು. ಅಳಿಯ ನನ್ನ ಕಿವಿಯ ಹತ್ತಿರ ಬಗ್ಗಿದ. "ಅಡುಗೆ ಸೊಪ್ಪು ಅಂದ್ಬಿಡ್ಲಾ ಅತ್ತೆ?"

"ವಾಸನೆಗೆ ಎಂತ ಹೇಳ್ತೀರಿ ಮಾರಾಯ್ರೆ?"

ಆ ಹೆಂಗಸು ಏನೋ ಕೇಳಿದರು. ಮಗಳು ಕನ್ನಡಕ್ಕೆ ತಂದಳು. "ಇದು ಯಾರದ್ದು, ಯಾರೆಲ್ಲ ಸೇದ್ತೀರಿ ಅಂತ ಕೇಳ್ತಿದ್ದಾರೆ."

"ಇದ್ದದ್ದನ್ನು ಇದ್ದ ಹಾಗೆ ಹೇಳು ಮಗಾ. ಸೊಪ್ಪು ಪಕ್ಕದ ಮನೆಯವರದ್ದು, ಕೈ ನನ್ನದು. ನಲವತ್ತು ವರ್ಷ ಬೀಡಿ ಕಟ್ಟಿಯೂ ಒಂದು ಸೇದಿದವಳಲ್ಲ ನಾನು."

ಅವರು ಬರೆದುಕೊಂಡರು. ಆಮೇಲೆ ಹೇಳಿದರು: ದೊಡ್ಡವರು ಮನೆಯ ಹಿತ್ತಲಲ್ಲಿ ಮರೆಯಲ್ಲಿ ಸೇದಿದರೆ ಕಾನೂನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಮಗು ಬರುವ ಮನೆಯಲ್ಲಿ ಹೊಗೆ ಇರಬಾರದು, ಈ ಸೊಪ್ಪಿನ ಒಂದು ಎಳೆಯೂ ಮಗುವಿನ ಕೈಗೆ ಸಿಗಬಾರದು. ಮಗು ಬಂದ ದಿನ ನಿಲ್ಲಿಸುತ್ತೀರಾ?

"ಆ ದಿನ ಯಾಕೆ, ಇವತ್ತೇ" ಎಂದೆ.

ಸೊಪ್ಪನ್ನೆಲ್ಲ ಮುದುಕನ ಡಬ್ಬಿಗೆ ತುಂಬಿ ಅವನ ಕೈಗಿಟ್ಟೆ. ಯಾರೂ ಅವನಿಗೆ ವಿವರಿಸಬೇಕಾಗಲಿಲ್ಲ. ಬೆನ್ನು ಹಿಡಿದುಕೊಂಡು ನಿಧಾನವಾಗಿ ಹೊರಟುಹೋದ. ಆ ಹೆಂಗಸೂ ಹೊರಟರು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಎಂದಷ್ಟೇ ಹೇಳಿ.

ಎರಡು ದಿನ ಮಗಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, "ಸುಳ್ಳು ಹೇಳಿದ್ರೆ ಇನ್ನೂ ಕಷ್ಟ ಆಗ್ತಿತ್ತು" ಎಂದು ನನ್ನ ಪಕ್ಕ ಕೂತಳು. ಫೋನ್ ಸದ್ದಾದರೆ ಮೂವರೂ ಎದ್ದು ನಿಲ್ಲುತ್ತಿದ್ದೆವು. ಹುಲ್ಲಿನಲ್ಲಿ ಆ ಸೊಪ್ಪಿನ ಎಳೆ ಉಳಿದಿದೆಯೇ ಎಂದು ನಾನು ದಿನಾ ಮಂಡಿಯೂರಿ ಹುಡುಕುತ್ತಿದ್ದೆ. ಮೂರು ವಾರವಾದ ಮೇಲೆ ಆ ಹೆಂಗಸು ಹೇಳದೆ ಕೇಳದೆ ಬಂದರು. ಸೀದಾ ಹಿತ್ತಲಿಗೆ ಹೋಗಿ ಮೂಗೆಳೆದು ನೋಡಿದರು, ಕಪಾಟು ತೆರೆದರು, ದಿಂಬು ಎತ್ತಿದರು. ಮರುದಿನ ಫೋನ್ ಬಂತು, ಮನೆ ಆಗಬಹುದು ಎಂದು.

ಮುದುಕ ಈಗ ಅದೇ ಅಂಗಡಿಯ ಗಾಂಜಾ ಎಣ್ಣೆಯನ್ನು ನಾಲಿಗೆಯ ಕೆಳಗೆ ಹನಿಸಿಕೊಳ್ಳುತ್ತಾನೆ. ಅದಕ್ಕೆ ಹೊಗೆಯಿಲ್ಲ, ಅವನ ಮಾಲೀಕನ ತಕರಾರೂ ಇಲ್ಲ. ಸೇದಿದ ಹಾಗಾಗುವುದಿಲ್ಲ ಎಂದು ಕೈಸನ್ನೆಯಲ್ಲಿ ದೂರುತ್ತಾನೆ.

ಮಗು ಬಂದ ಸಂಜೆ ನೀರುದೋಸೆ, ಕೋಳಿಸಾರು ಮಾಡಿದೆ. ಎತ್ತರದ ಕುರ್ಚಿ ತಂದಿಟ್ಟಿದ್ದರು, ಕೂರಿಸಿದರೆ ಕೂಗು. ಕೊನೆಗೆ ಎಲ್ಲರೂ ನೆಲದಲ್ಲೇ ಸುತ್ತ ಕೂತೆವು. ಅವಳು ನನ್ನ ತೊಡೆಯೇರಿ, ದೋಸೆ ಹರಿದು ಒಂದು ತುಂಡು ತನ್ನ ಬಾಯಿಗೆ, ಒಂದು ನನ್ನ ಬಾಯಿಗೆ ತುರುಕತೊಡಗಿದಳು.

"ನೀವೂ ಊಟ ಮಾಡಿ ಅತ್ತೆ" ಎಂದ ಅಳಿಯ.

ಬಾಯಿ ತುಂಬಾ ದೋಸೆ. ಮಾತಾಡಲಾಗದೆ ತಲೆಯಾಡಿಸಿದೆ.