ನೈರೋಬಿವರೆಗಿನ ಟಿಕೆಟ್

ನೈರೋಬಿಯ ರೈಲು ನಿಲ್ದಾಣದ ಹೊರಗೆ ನಾನೂ ನನ್ನ ಗೆಳತಿ ಸವಿತಾಳೂ ಮಟಾಟು ಹತ್ತಿದೆವು. ಊರೊಳಗೆ ಓಡಾಡುವ ಖಾಸಗಿ ವ್ಯಾನಿಗೆ ಇಲ್ಲಿ ಆ ಹೆಸರು. ನಮ್ಮ ಮುಂದಿನ ಸೀಟಿನಲ್ಲಿ ಆಗಷ್ಟೇ ರೈಲಿಳಿದ ಒಬ್ಬ ವಯಸ್ಸಾದ ಹೆಂಗಸು ಬಟ್ಟೆಗಂಟು ತಬ್ಬಿಕೊಂಡು ಕೂತಿದ್ದರು. ಕಂಡಕ್ಟರ್ ಕೈ ಚಾಚಿದಾಗ ರೈಲಿನ ಟಿಕೆಟ್ಟನ್ನೇ ಕೊಟ್ಟರು. ಅವನು ಆಗದೆಂದು ತಲೆಯಾಡಿಸಿದ. ಅವರು ಗಟ್ಟಿಯಾಗಿ ಏನೋ ಹೇಳಿದರು, ವ್ಯಾನಿನಲ್ಲಿದ್ದವರೆಲ್ಲ ನಕ್ಕರು.

ಬಹಳ ವರ್ಷಗಳಿಂದ ಇಲ್ಲೇ ಲೆಕ್ಚರರ್ ಆಗಿರುವ ಸವಿತಾ ವಿವರಿಸಿದಳು: “ನೈರೋಬಿವರೆಗೂ ದುಡ್ಡು ಕೊಟ್ಟಿದೀನಿ, ಆಸ್ಪತ್ರೆ ನೈರೋಬಿಲೇ ಇದೆಯಲ್ಲಾ ಅಂತಿದಾರೆ. ಪಾಪ, ಇಲ್ಲಿ ಟ್ರೇನಿಗೂ ಮಟಾಟುಗೂ ಸೇರಿ ಒಂದೇ ಟಿಕೆಟ್ ಇಲ್ಲ ಕಣೆ.”

ಅವರು ಕೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು ನನಗೆ.

ಆಸ್ಪತ್ರೆಯಲ್ಲಿ ಯಾರಿದ್ದಾರೆಂದು ಕಂಡಕ್ಟರ್ ವಿಚಾರಿಸಿದ. ಮಗಳಂತೆ, ನಿನ್ನೆಯಿಂದ ಹೆರಿಗೆ ನೋವು, ಇನ್ನೂ ಸುದ್ದಿಯಿಲ್ಲ. ನಗು ನಿಂತಿತು. ಸವಿತಾ ಪರ್ಸ್ ತೆಗೆದಳು. ಕಂಡಕ್ಟರ್ ಬೇಡವೆಂದು ಕೈಯಾಡಿಸಿದ. ಟಿಕೆಟ್ಟನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಪರೀಕ್ಷಿಸಿ, “ಸವಾ” ಎಂದು ಅವರಿಗೇ ಹಿಂದಿರುಗಿಸಿದ. ಎಲ್ಲ ಸರಿಯಾಗಿದೆ ಎಂದು ಅರ್ಥ.

ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ರೋಗಿಗಳನ್ನು ನೋಡುವ ಸಮಯ ಮುಗಿದಿತ್ತು. ಗೇಟು ಮುಚ್ಚುತ್ತಿದ್ದುದನ್ನು ಕಂಡು ಕಂಡಕ್ಟರ್ ಕೆಳಗೆ ಹಾರಿದ. ಅವರ ಗಂಟನ್ನು ಹೆಗಲಿಗೇರಿಸಿ, ಕೈ ಹಿಡಿದು ರಸ್ತೆ ದಾಟಿಸಿದ. ಹಿಂದಿನ ವಾಹನಗಳು ಹಾರ್ನ್ ಹೊಡೆದವು. ನಮ್ಮ ವ್ಯಾನಿನಲ್ಲಿ ಯಾರೂ ಗೊಣಗಲಿಲ್ಲ. ಎಲ್ಲರೂ ಕಿಟಕಿಗೆ ಮುಖವೊಡ್ಡಿ ನೋಡುತ್ತಿದ್ದರು. ಅವನು ಕಾವಲುಗಾರನೊಂದಿಗೆ ಜೋರಾಗಿಯೇ ವಾದಿಸಿ, ಒಬ್ಬನೇ ಓಡಿಬಂದು ಬಾಗಿಲು ಹಿಡಿದ.

ಎಲ್ಲರೂ ಒಟ್ಟಿಗೆ ಏನೋ ಕೇಳಿದರು. ಅನುವಾದ ಬೇಕಾಗಲಿಲ್ಲ. ನಾನೂ ಕನ್ನಡದಲ್ಲೇ ಕೇಳಿಬಿಟ್ಟಿದ್ದೆ: “ಒಳಗೆ ಬಿಟ್ರಾ?”

ಅವನು ಹೆಬ್ಬೆರಳೆತ್ತಿದ.